ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು

ಬಿ.ಎಡ್. ಮುಗಿಸಿದವರ ಮನೆಯಲ್ಲಿ ರೆಕಾರ್ಡ್ ಪುಸ್ತಕಗಳ ಒಂದು ಕಟ್ಟು ಇದ್ದೇ ಇರುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ, ಬಿಚ್ಚಿ ನೋಡಲು ಧೈರ್ಯ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದು ಅಟ್ಟದ ಮೇಲೆ, ಕಾಳುಮೆಣಸಿನ ಚೀಲದ ಪಕ್ಕ ಇತ್ತು. ಕಳೆದ ವಾರ ಅಟ್ಟ ಗುಡಿಸುತ್ತಿದ್ದ ಅಮ್ಮ ಮೇಲಿನಿಂದಲೇ ಕೂಗಿದರು, "ಇದನ್ನ ಬಚ್ಚಲ ಒಲೆಗೆ ಹಾಕ್ಲಾ, ಇನ್ನೂ ಬೇಕಾ ನಿಂಗೆ?"

ಇಳಿಸಿ ಧೂಳು ಕೊಡವಿದೆ. ಮಳೆಗಾಲದ ಬೂಸ್ಟು ರಟ್ಟಿನ ಮೇಲೆ ಬಿಳಿ ಬಿಳಿಯಾಗಿ ಕೂತಿತ್ತು. ಮೊದಲು ಕೈಗೆ ಸಿಕ್ಕಿದ್ದು ಭೌತವಿಜ್ಞಾನದ ಪಾಠ ಯೋಜನೆಯ ಪುಸ್ತಕ. ಅಡ್ಡ ಪುಟದಲ್ಲಿ ಸ್ಕೇಲಿನಿಂದ ಎಳೆದ ಗೆರೆಗಳು. ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ಬೋಧನೋಪಕರಣ, ಮೌಲ್ಯಮಾಪನ. ವಿದ್ಯಾರ್ಥಿಗಳ ಚಟುವಟಿಕೆ ಅನ್ನುವ ಕಾಲಂ ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿ, ಪುಟದಿಂದ ಪುಟಕ್ಕೆ ಒಂದೇ ಸಾಲು: "ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು." ನಡುನಡುವೆ, "ವಿದ್ಯಾರ್ಥಿಗಳು ಉತ್ತರಿಸುವರು." ಒಂದು ಕಡೆ ಮಾತ್ರ ಉತ್ತರವನ್ನೂ ಬರೆದಿದ್ದೆ. "ನಿರೀಕ್ಷಿತ ಉತ್ತರ: 100 ಡಿಗ್ರಿ ಸೆಲ್ಸಿಯಸ್."

ಆ ಸಾಲು ನೋಡಿದ ಮೇಲೆ ಕಟ್ಟನ್ನು ಒಲೆಗೆ ಕೊಡಲು ಆಗಲಿಲ್ಲ.

ಟೀಚರ್ ಆಗಬೇಕು ಎಂದು ಚಿಕ್ಕಂದಿನಿಂದ ಕನಸು ಕಂಡವಳು ನಾನಲ್ಲ. ಮಡಿಕೇರಿಯಲ್ಲಿ ಬಿ.ಎಸ್ಸಿ. ಮುಗಿಸಿದೆ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ. ಜೊತೆಗಿದ್ದವರಲ್ಲಿ ಅರ್ಧ ಜನ ಬೆಂಗಳೂರಿನ ಬಸ್ಸು ಹತ್ತಿದರು. ಅಪ್ಪ ಹೇಳಿದ್ದು ಒಂದೇ ಮಾತು, "ಬಿ.ಎಡ್. ಮಾಡಿಡು, ಯಾವತ್ತಾದ್ರೂ ಕೈ ಹಿಡಿಯುತ್ತೆ." ನೆರಳಿಗೆ ನಿಂತ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಡುವ ಯೋಚನೆ ಅದು. ಕಾಫಿ ಕೈಕೊಟ್ಟರೆ ಇದಿರಲಿ ಅಂತ. ನಮ್ಮ ಕಡೆ ಹೆಣ್ಣುಮಕ್ಕಳ ಬಿ.ಎಡ್. ಹಿಂದೆ ಹೆಚ್ಚಾಗಿ ಇಂಥದ್ದೇ ಒಂದು ಲೆಕ್ಕ ಇರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ ಅನ್ನಿಸುತ್ತದೆ. ಮೆಣಸಿನ ಬಳ್ಳಿಯೂ ಫಸಲು ಕೊಡುತ್ತದಲ್ವಾ.

ಪದವಿಯಲ್ಲಿ 50 ಪರ್ಸೆಂಟ್ ಇರಬೇಕು, ಕೇಂದ್ರೀಕೃತ ದಾಖಲಾತಿ ಘಟಕಕ್ಕೆ ಅರ್ಜಿ ಹಾಕಬೇಕು, ಮೂಲ ದಾಖಲೆ ಹಿಡಿದು ಸಾಲಲ್ಲಿ ನಿಲ್ಲಬೇಕು. ಅದೆಲ್ಲ ಆಯಿತು. ಸೀಟು ಸಿಕ್ಕಿದ್ದು ಘಟ್ಟದ ಕೆಳಗೆ, ಮಂಗಳೂರಿನ ಕಡೆ. ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಹಾಸ್ಟೆಲ್ ಸೇರಿದೆ. ಮೊದಲ ವಾರ ಪೂರ್ತಿ ಬೆವರು ಒರೆಸಿಕೊಂಡಿದ್ದೇ ನೆನಪು.

ಬಿ.ಎಡ್. ಮೊದಲು ಒಂದೇ ವರ್ಷದ್ದು. ನಮ್ಮ ಶಾಲೆಯ ಹಳೆಯ ಮೇಷ್ಟ್ರುಗಳೆಲ್ಲ ಆ ಒಂದು ವರ್ಷದ ಕಾಲದವರು. ಶಿಕ್ಷಕರ ತರಬೇತಿ ಹೇಗಿದೆ ಎಂದು ನೋಡಲು ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಆಯೋಗ ನೇಮಿಸಿತ್ತು. 2012ರಲ್ಲಿ ಅದು ವರದಿ ಕೊಟ್ಟಿತು. ಅದಾದ ಮೇಲೆ 2014ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಹೊಸ ನಿಯಮ ಮಾಡಿತು. 2015ರಿಂದ ಕೋರ್ಸು ಎರಡು ವರ್ಷಕ್ಕೆ ಹಿಗ್ಗಿತು. ಹಿಗ್ಗಿದ್ದರಲ್ಲಿ ದೊಡ್ಡ ಪಾಲು ಶಾಲೆಯಲ್ಲಿ ಕಳೆಯಲು. ಒಟ್ಟು 20 ವಾರ ಶಾಲೆಯಲ್ಲಿರಬೇಕು, ಅದರಲ್ಲಿ 16 ವಾರ ಎರಡನೇ ವರ್ಷದ ಇಂಟರ್ನ್‌ಶಿಪ್. "ಒಂದು ವರ್ಷದಲ್ಲಿ ಆಗುತ್ತಿದ್ದ ಕೆಲಸಕ್ಕೆ ಎರಡು ವರ್ಷ ಯಾಕೆ" ಎಂದು ಗೊಣಗುವವರು ನಮ್ಮ ಬ್ಯಾಚಿನಲ್ಲಿ ತುಂಬ ಜನ ಇದ್ದರು. ನಾನೂ ಗೊಣಗಿದ್ದೇನೆ. ಈಗ ಕೇಳಿದರೆ ಆ 16 ವಾರ ಬಿಟ್ಟು ಉಳಿದದ್ದನ್ನು ಬೇಕಾದರೆ ಕಡಿಮೆ ಮಾಡಿ ಅನ್ನುತ್ತೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರ ಹೊತ್ತಿಗೆ ಪಿಯುಸಿ ಮುಗಿಸಿದವರೇ ನೇರವಾಗಿ ಸೇರುವ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಬೇಕು ಅನ್ನುತ್ತದೆ. ನಮ್ಮ ತಲೆಯ ಮೇಲೆ ಈ ಲೆಕ್ಕ ಹೀಗೆ ಬದಲಾಗುತ್ತಲೇ ಇರುತ್ತದೆ.

ಮೊದಲ ವರ್ಷದಲ್ಲಿ ಜಾಸ್ತಿ ನಗು ಬರಿಸಿದ್ದು ಸೂಕ್ಷ್ಮ ಬೋಧನೆ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಜೊತೆಗಾರರು ಶುರು ಮಾಡಿದ ಪದ್ಧತಿ ಅದು. ಪಾಠ ಮಾಡುವುದನ್ನು ಚೂರು ಚೂರು ಮಾಡಿ ಒಂದೊಂದನ್ನೇ ಕಲಿಸುವುದು. ಪೀಠಿಕಾ ಕೌಶಲ, ಪ್ರಶ್ನಿಸುವ ಕೌಶಲ, ವಿವರಣಾ ಕೌಶಲ, ಕಪ್ಪುಹಲಗೆ ಕೌಶಲ, ಪುನರ್ಬಲನ ಕೌಶಲ. ನಮ್ಮ ದೇಶದಲ್ಲಿ ಬಳಸುವ ಚಕ್ರದಲ್ಲಿ ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಒಟ್ಟು 36 ನಿಮಿಷ. ಎದುರಿಗೆ ಮಕ್ಕಳಿಲ್ಲ. ನಮ್ಮ ಜೊತೆ ಬಿ.ಎಡ್. ಓದುವ ಪ್ರಶಿಕ್ಷಣಾರ್ಥಿಗಳೇ ಒಂಬತ್ತನೇ ತರಗತಿಯವರ ಹಾಗೆ ಕೈಕಟ್ಟಿ ಕೂರುತ್ತಾರೆ. ಅದರಲ್ಲಿ ಒಬ್ಬರಿಗೆ ಮದುವೆಯಾಗಿ ಎರಡು ಮಕ್ಕಳು. "ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಮಕ್ಕಳೇ?" ಎಂದು ನಾನು ಕೇಳಿದರೆ ಎಲ್ಲರೂ ಒಂದೇ ರಾಗದಲ್ಲಿ "ನೂರು ಡಿಗ್ರಿ ಸೆಲ್ಸಿಯಸ್ ಮೇಡಂ" ಅನ್ನುತ್ತಿದ್ದರು. ನಾನು "ವೆರಿ ಗುಡ್" ಅನ್ನಬೇಕು. ಅದು ಪುನರ್ಬಲನ. ಅನ್ನದಿದ್ದರೆ ಒಂದು ಅಂಕ ಹೋಯಿತು.

ನಗುತ್ತಲೇ ಹೇಳುತ್ತಿದ್ದೇನೆ, ಆದರೆ ಸೂಕ್ಷ್ಮ ಬೋಧನೆ ನನ್ನ ಉಪಯೋಗಕ್ಕೆ ಬಂದಿದೆ. ಬೋರ್ಡಿನ ಕಡೆ ತಿರುಗಿ ಮಾತಾಡುವ ಚಾಳಿ ಬಿಟ್ಟಿದ್ದು ಅಲ್ಲೇ. ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ನಾನೇ ಹೇಳಿಬಿಡುತ್ತಿದ್ದೆ. ಅದನ್ನು ಗೆಳತಿಯೊಬ್ಬಳು ಗಡಿಯಾರ ಹಿಡಿದು ತೋರಿಸಿದಳು. ಎರಡು ಸೆಕೆಂಡು ಕೂಡ ಕಾಯುತ್ತಿರಲಿಲ್ಲ ನಾನು.

ಒಂದು ದಿನ ಕಾಲೇಜಿನ ಲ್ಯಾಬಿನಲ್ಲಿ ಇದೇ ಪ್ರಯೋಗವನ್ನು ನಿಜವಾಗಿ ಮಾಡಿ ತೋರಿಸಿದೆ. ಬೀಕರಿನಲ್ಲಿ ನೀರು, ಸ್ಟ್ಯಾಂಡಿಗೆ ತೂಗುಹಾಕಿದ ಥರ್ಮಾಮೀಟರ್, ಕೆಳಗೆ ಬರ್ನರ್. ಕೆಂಪು ಗೆರೆ 100ರ ಹತ್ತಿರ ಹೋಗಿ ನಿಂತಿತು. ಪುಸ್ತಕದಲ್ಲಿ ಇದ್ದದ್ದೇ ಬಂತು. ಸರ್ ರುಜು ಹಾಕಿದರು.

ಎರಡನೇ ವರ್ಷ ಊರಿನ ಹತ್ತಿರದ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಒಪ್ಪಿಗೆ ಸಿಕ್ಕಿತು. ಮಡಿಕೇರಿಯ ಒಂದು ಸರ್ಕಾರಿ ಪ್ರೌಢಶಾಲೆ. ಜುಲೈ ತಿಂಗಳು. ಕೊಡಗಿನ ಜುಲೈ ಗೊತ್ತಿದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಪ್ರಶಿಕ್ಷಣಾರ್ಥಿಗಳು ಸೀರೆ ಉಡಲೇಬೇಕು. ನೆರಿಗೆ ಮೊಣಕಾಲಿನವರೆಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಚಾರ್ಟು. ಬಸ್ಸಿಳಿದು ಶಾಲೆ ಸೇರುವಷ್ಟರಲ್ಲಿ ಚಾರ್ಟಿನ ಸ್ಕೆಚ್ ಪೆನ್ ಬಣ್ಣ ಕರಗಿ ಪರಮಾಣುವಿನ ಎಲೆಕ್ಟ್ರಾನುಗಳೆಲ್ಲ ಒಂದೇ ಕಕ್ಷೆಗೆ ಬಂದಿರುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಮೊದಲ ಕೆಲಸ ಕಾಲಿಗೆ ಕಚ್ಚಿದ ಜಿಗಣೆ ಕಿತ್ತು ಉಪ್ಪು ಹಾಕುವುದು.

ತರಗತಿಯ ಮೇಲೆ ಶೀಟು. ಮಳೆ ಜೋರಾದರೆ ನನ್ನ ಧ್ವನಿ ಎರಡನೇ ಬೆಂಚು ದಾಟುವುದಿಲ್ಲ. ಧ್ವನಿಯ ಏರಿಳಿತ ಹೇಗಿರಬೇಕು ಎಂದು ಆರು ತಿಂಗಳು ಕಲಿತು ಬಂದಿದ್ದೆ. ಇಲ್ಲಿ ಮಳೆ ನಿಲ್ಲುವವರೆಗೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುವುದೊಂದೇ ದಾರಿ. ಮಕ್ಕಳಿಗೆ ಅದು ಅಭ್ಯಾಸವಾಗಿತ್ತು. ಮಳೆ ಇನ್ನೂ ಜೋರಾದರೆ ಕೆಲವರು ಕಿಟಕಿಯ ಕಡೆ ನೋಡುತ್ತಿದ್ದರು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ಇವರು ಪುಟ್ಟ ಮಕ್ಕಳು. ಮಕ್ಕಂದೂರು, ಜೋಡುಪಾಲ ಕಡೆಯಿಂದ ಬಂದವರೂ ತರಗತಿಯಲ್ಲಿ ಇದ್ದರು. ಆಗ ಪಾಠ ನಿಲ್ಲಿಸಿ ಸುಮ್ನೆ ಹಾಜರಿ ಪುಸ್ತಕ ತಿರುವುತ್ತಿದ್ದೆ. ನೋಡಿ ಮುಗಿದ ಮೇಲೆ ಅವರೇ ತಿರುಗುತ್ತಿದ್ದರು.

ಇನ್ನೊಂದು ವಿಷಯಕ್ಕೂ ಕಾಲೇಜು ನನ್ನನ್ನು ತಯಾರು ಮಾಡಿರಲಿಲ್ಲ. 38 ಮಕ್ಕಳ ಒಂಬತ್ತನೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕಡಿಮೆ. ಕೊಡವ ತಕ್ಕ್, ನನ್ನ ಹಾಗೆ ಅರೆಭಾಷೆ, ಮಲಯಾಳ, ತುಳು, ಯರವ ಮಕ್ಕಳ ಮಾತು. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಗಳೊಬ್ಬಳು ಬೇರೆ. ಅವಳು ನಮ್ಮ ಎಲ್ಲರಿಗಿಂತ ಶುದ್ಧವಾಗಿ ಪುಸ್ತಕದ ಕನ್ನಡ ಓದುತ್ತಿದ್ದಳು, ಯಾಕೆಂದರೆ ಅವಳು ಕಲಿತದ್ದೇ ಪುಸ್ತಕದಿಂದ. ಪಾಠ ಯೋಜನೆಯಲ್ಲಿ "ಪೂರ್ವಜ್ಞಾನ" ಅಂತ ಒಂದು ಜಾಗ ಇರುತ್ತದೆ. ಮಕ್ಕಳಿಗೆ ಮೊದಲೇ ಏನು ಗೊತ್ತಿದೆ ಎಂದು ಅಲ್ಲಿ ಬರೆಯಬೇಕು. ನಾನು ಪ್ರತಿ ಸಲ "ವಿದ್ಯಾರ್ಥಿಗಳು ಹಿಂದಿನ ತರಗತಿಯಲ್ಲಿ ಇದರ ಬಗ್ಗೆ ತಿಳಿದಿರುತ್ತಾರೆ" ಎಂದು ಬರೆದು ಮುಂದೆ ಹೋಗುತ್ತಿದ್ದೆ.

ಕಾಲೇಜಿನಲ್ಲಿ ನಮಗೆ ಬೋಧನಾ ವಿಧಾನ ಕಲಿಸುವ ಮೆಥಡ್ ಸರ್ ಪಾಠ ನೋಡಲು ಬರುವ ದಿನ ನನ್ನ ಪಾಲಿಗೆ ಬಂದದ್ದು "ನಮ್ಮ ಸುತ್ತಲಿನ ದ್ರವ್ಯ". ಕರಗುವ ಬಿಂದು, ಕುದಿಯುವ ಬಿಂದು. ಸರ್ ಬೆಳಿಗ್ಗೆ ಐದಕ್ಕೆ ಮಂಗಳೂರು ಬಿಟ್ಟು, ಸಂಪಾಜೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಬಂದಿದ್ದರು. ಬಂದವರೇ ಸ್ವೆಟರ್ ಮೇಲೆ ಶಾಲು ಹೊದ್ದು ಕೊನೆಯ ಬೆಂಚಿನಲ್ಲಿ ಕೂತರು. ನಾನು ಬೀಕರು, ಸ್ಪಿರಿಟ್ ದೀಪ, ಥರ್ಮಾಮೀಟರ್ ಎಲ್ಲ ಜೋಡಿಸಿದ್ದೆ. ಮೂರನೇ ಬೆಂಚಿನ ಹುಡುಗನನ್ನು ಮುಂದೆ ಕರೆದು ಥರ್ಮಾಮೀಟರ್ ಓದುವ ಕೆಲಸ ಕೊಟ್ಟೆ. ಅವನು ತೋಟದ ಲೈನ್ ಮನೆಯಿಂದ, ಅಂದರೆ ಕಾರ್ಮಿಕರ ಸಾಲುಮನೆಯಿಂದ ಬರುವವನು. ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ. ಹಿಂದೆ ಕೂತವರನ್ನೂ ಪಾಠದಲ್ಲಿ ಸೇರಿಸಿಕೊಂಡರೆ ಅಂಕ ಉಂಟು ಅನ್ನುವುದೂ ನನ್ನ ತಲೆಯಲ್ಲಿ ಇತ್ತು, ಸುಳ್ಳು ಹೇಳುವುದಿಲ್ಲ.

ಆ ಚಳಿಗೆ ನೀರು ಕಾಯಲು 20 ನಿಮಿಷ ಹಿಡಿಯಿತು. ಪಿರಿಯಡ್ಡೇ 40 ನಿಮಿಷದ್ದು. ಆ ಹೊತ್ತಿನಲ್ಲಿ ನಾನು ಒಂದು ಸುತ್ತು ಹಾಕಿದೆ. ಎಲ್ಲರ ನೋಟ್ಸಿನಲ್ಲೂ ಕೋಷ್ಟಕ ಇತ್ತು. ದೀಪ ಹಚ್ಚುವ ಮೊದಲೇ ಹೆಚ್ಚಿನವರು ಕೊನೆಯ ಸಾಲಿನಲ್ಲಿ 100 ಎಂದು ಬರೆದು ಮುಗಿಸಿದ್ದರು. ನನಗೆ ಅದು ತಪ್ಪೆನಿಸಲಿಲ್ಲ. ತಯಾರಿ ಮಾಡಿಕೊಂಡು ಬಂದಿದ್ದಾರೆ ಎಂದು ಖುಷಿಯೇ ಆಯಿತು.

ನೀರು ಗುಳುಗುಳು ಎಂದು ಕುದಿಯತೊಡಗಿತು.

"ಎಷ್ಟಿದೆ?"

"96 ಮಿಸ್."

"ಸರಿಯಾಗಿ ನೋಡು. ಕಣ್ಣು ಗೆರೆಯ ನೇರಕ್ಕೆ ಇರಬೇಕು."

ಅವನು ಬಗ್ಗಿ ನೋಡಿದ. "96ರಲ್ಲೇ ನಿಂತಿದೆ ಮಿಸ್."

ನಾನೂ ಬಗ್ಗಿದೆ. 96. ಸ್ವಲ್ಪ ಕಾದೆ. ನೀರು ಬೀಕರಿನಿಂದ ಹೊರಗೆ ಹಾರುವಷ್ಟು ಕುದಿಯುತ್ತಿತ್ತು, ಕೆಂಪು ಗೆರೆ ಅಲ್ಲಾಡಲಿಲ್ಲ. ಗಡಿಯಾರ ನೋಡಿದೆ. ಹಿಂದಿನ ಬೆಂಚು ನೋಡಿದೆ. ಸರ್ ಏನೋ ಬರೆಯುತ್ತಿದ್ದರು. ಆಮೇಲೆ ನಾನು ಹೇಳಿದ ಮಾತು ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. "ಥರ್ಮಾಮೀಟರ್ ಹಳೇದು, ಅದಕ್ಕೆ ಹಾಗೆ ತೋರಿಸ್ತಿದೆ. ನೀವೆಲ್ಲ 100 ಅಂತಲೇ ಬರ್ಕೊಳ್ಳಿ."

ಹುಡುಗ ತನ್ನ ಜಾಗಕ್ಕೆ ಹೋಗಿ ಕೂತ. ಇಡೀ ತರಗತಿಯಲ್ಲಿ ಕೊನೆಯ ಸಾಲು ಖಾಲಿ ಬಿಟ್ಟುಕೊಂಡು ಕಾದಿದ್ದವನು ಅವನೊಬ್ಬ. ಓದಿದ ತಕ್ಷಣ 96 ಎಂದು ಪೆನ್ಸಿಲಿನಲ್ಲಿ ಬರೆದಿದ್ದ. ಪಕ್ಕದವನ ರಬ್ಬರು ತೆಗೆದುಕೊಂಡು ಅದನ್ನು ಉಜ್ಜಿ 100 ಮಾಡಿದ. ನಾನು ನೋಡಿದೆ. "ವೆರಿ ಗುಡ್" ಎಂದೆ.

ಸರ್ ಅವಲೋಕನ ಪುಸ್ತಕದಲ್ಲಿ ಬರೆದದ್ದು: ತರಗತಿ ನಿಯಂತ್ರಣ ಚೆನ್ನಾಗಿದೆ, ಚಟುವಟಿಕೆ ಇದೆ, ಸಮಯ ಪಾಲನೆ ಬಗ್ಗೆ ಗಮನ ಇರಲಿ. ಅವರನ್ನು ದೂರುವುದಿಲ್ಲ. ಅವರು ಕಡಲ ತೀರದವರು. ಜೀವಮಾನವಿಡೀ ಅವರ ನೀರು 100ಕ್ಕೇ ಕುದಿದಿದೆ. ದೂರಬೇಕಾದದ್ದು ನನ್ನನ್ನು. ಮಡಿಕೇರಿಯ ನೀರು ಕುಡಿದು ಬೆಳೆದವಳು ನಾನು.

ಅದಾಗಿ ಒಂದು ವಾರಕ್ಕೆ ಸುಳ್ಯದಿಂದ ಅತ್ತೆ ಬಂದರು, ಅಪ್ಪನ ಅಕ್ಕ. ರಾತ್ರಿ ಕಡಲೆ ಗಸಿ ಮಾಡೋಣ ಎಂದು ಒಲೆಯ ಮೇಲೆ ಪಾತ್ರೆ ಇಟ್ಟರು. ಕುಕ್ಕರಿನಲ್ಲಿ ಬೇಯಿಸಿದ್ದು ಅವರಿಗೆ ರುಚಿಸುವುದಿಲ್ಲ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಬೆರಳಿನಲ್ಲಿ ಹಿಸುಕಿ ನೋಡಿ ಅತ್ತೆ ಹೇಳಿದರು, "ನಿಮ್ಮ ಮಡಿಕೇರೀಲಿ ಕಡಲೆ ಬೇಯೋದೇ ಇಲ್ಲ ಮಾರಾಯ್ತಿ. ನೀರು ಕುದಿಯುವುದು ಮಾತ್ರ ಕಾಣುತ್ತೆ, ಬಿಸಿ ಇಲ್ಲ."

ನಾನು ಕೈಯಲ್ಲಿದ್ದ ತೆಂಗಿನ ತುರಿಯ ತಟ್ಟೆ ಕೆಳಗಿಟ್ಟೆ.

ಕುದಿಯುತ್ತೆ, ಆದರೆ ಬಿಸಿ ಇಲ್ಲ. ಇದಕ್ಕಿಂತ ಸರಿಯಾಗಿ ಯಾರು ಹೇಳುತ್ತಾರೆ? ನೀರಿನ ಮೇಲೆ ಗಾಳಿ ಒತ್ತುತ್ತಿರುತ್ತದೆ. ಒಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ ಆದಾಗ ನೀರು ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ ಅದಕ್ಕೆ 100 ಡಿಗ್ರಿ ಬೇಕು. ಮೇಲೆ ಹತ್ತಿದಷ್ಟೂ ಗಾಳಿ ತೆಳು, ಒತ್ತಡ ಕಡಿಮೆ. ಹೆಚ್ಚುಕಡಿಮೆ 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ 96. ಆ ಹಳೇ ಥರ್ಮಾಮೀಟರ್ ಹೇಳಿದ್ದು ಸರಿಯಾಗಿತ್ತು. ಹುಡುಗ ಓದಿದ್ದೂ ಸರಿಯಾಗಿತ್ತು.

ಇದು ನನಗೆ ಗೊತ್ತಿರಲಿಲ್ಲ ಅಂದರೆ ಕ್ಷಮೆ ಇತ್ತು. ಗೊತ್ತಿತ್ತು! ಬಿ.ಎಸ್ಸಿ.ಯಲ್ಲಿ ಕ್ಲಾಸಿಯಸ್ ಕ್ಲಾಪೇರಾನ್ ಸಮೀಕರಣವನ್ನು ಸಾಧಿಸಿ ತೋರಿಸಿ ಪೂರ್ತಿ ಅಂಕ ತೆಗೆದಿದ್ದೆ. ಒತ್ತಡಕ್ಕೆ ತಕ್ಕಂತೆ ಕುದಿಯುವ ಬಿಂದು ಹೇಗೆ ಬದಲಾಗುತ್ತದೆ ಅನ್ನುವುದೇ ಆ ಸಮೀಕರಣದ ವಿಷಯ. ಅಷ್ಟೇ ಅಲ್ಲ. ಒಂಬತ್ತನೇ ತರಗತಿಯ ಅದೇ ಪಾಠದಲ್ಲಿ, ಕೆಲವು ಪುಟ ದಾಟಿದರೆ, ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 1 ಅಟ್ಮಾಸ್ಫಿಯರ್, ಅದನ್ನೇ ಸಾಮಾನ್ಯ ಒತ್ತಡ ಎಂದು ಹಿಡಿಯುತ್ತಾರೆ ಎಂದು ಬರೆದಿದೆ. ಪರೀಕ್ಷೆಗೆ ಓದಿದ್ದು ಪರೀಕ್ಷೆಯಲ್ಲೇ ಉಳಿದಿತ್ತು. ಶಾಲೆಯ ಮೇಜಿನ ಮೇಲೆ ನೀರು ಕುದಿಯುವಾಗ ನನಗೆ ಬೇಕಾಗಿದ್ದು ನನ್ನ ಕಾಲಮ್ಮಿನಲ್ಲಿ ಬರೆದಿಟ್ಟ ಉತ್ತರ. ಮಕ್ಕಳು ಏನು ಹೇಳಬೇಕು ಎಂದು ಹಿಂದಿನ ರಾತ್ರಿಯೇ ನಾನು ಬರೆದು ಮುಗಿಸಿದ್ದೆ. ಅವರು ಹೇಳಿದ್ದು ಬೇರೆಯಾದಾಗ ಅದನ್ನು ಇಡಲು ಪುಟದಲ್ಲಿ ಜಾಗವೇ ಇರಲಿಲ್ಲ.

ಆ ನಡುವೆ ಮುಂದಿನ ಪಾಠ ನಡೆದಿತ್ತು. ಆವಿಯಾಗುವಿಕೆ. ಹರವು ಹೆಚ್ಚಿದರೆ, ಬಿಸಿ ಹೆಚ್ಚಿದರೆ, ಗಾಳಿ ಬೀಸಿದರೆ, ತೇವ ಕಡಿಮೆಯಾದರೆ ನೀರು ಬೇಗ ಆರುತ್ತದೆ. ಪುಸ್ತಕದ ಉದಾಹರಣೆ ಒದ್ದೆ ಬಟ್ಟೆ ಹರಡುವುದು. ನಾನು ಅದನ್ನೇ ಹೇಳಿದೆ. ಮಕ್ಕಳು ನಕ್ಕುಬಿಟ್ಟರು. ಜುಲೈಯಲ್ಲಿ ಎಷ್ಟು ಹರಡಿದರೂ ಇಲ್ಲಿ ಬಟ್ಟೆ ಒಣಗುವುದುಂಟಾ? ಅವರ ಸಾಕ್ಸುಗಳಿಂದ ತರಗತಿಯೆಲ್ಲ ಹೊಗೆಯ ವಾಸನೆ. ಒಲೆಯ ಮೇಲೆ ತೂಗುಹಾಕಿ ಒಣಗಿಸಿದವು ಅವು. ಆಗ ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಕಾಫಿ ಕಣದ ಮಾತು ತೆಗೆದಳು. "ದಪ್ಪ ಹರಡಿದ್ರೆ ಅಡಿಯಲ್ಲಿ ಬೂಸ್ಟು ಬರುತ್ತೆ ಮಿಸ್. ತೆಳ್ಳಗೆ ಹರಡ್ಬೇಕು. ಆಗಾಗ ತಿರುವ್ತಾ ಇರ್ಬೇಕು. ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದೆಸ್ಬೇಕು, ಇಲ್ಲಾಂದ್ರೆ ಇಬ್ಬನಿ ಕುಡಿದು ಮತ್ತೆ ಒದ್ದೆ ಆಗುತ್ತೆ." ಇನ್ನೊಬ್ಬ ಸೇರಿಸಿದ, "ಮುಷ್ಟೀಲಿ ಹಿಡಿದು ಅಲ್ಲಾಡಿಸಿದ್ರೆ ಗಿಲಗಿಲ ಅನ್ಬೇಕು, ಆಗ ಒಣಗಿದೆ ಅಂತ." ಕಣದಲ್ಲಿ ಕಾಲಿನಿಂದ ಸಾಲು ಎಳೆಯುತ್ತಾ ಕಾಫಿ ತಿರುವುವುದು ಹೇಗೆಂದು ಒಬ್ಬ ಎದ್ದು ತೋರಿಸಿಯೇ ಬಿಟ್ಟ. ಚಾರ್ಟು ನಾನು ಬಿಚ್ಚಲೇ ಇಲ್ಲ. ಬಿಚ್ಚಿದ್ದರೂ ಬಣ್ಣ ಕರಗಿತ್ತು ಬಿಡಿ.

ಅವತ್ತು ಸಂಜೆ "ಪೂರ್ವಜ್ಞಾನ" ಅನ್ನುವ ಜಾಗ ನನಗೆ ಮೊದಲ ಸಲ ಚಿಕ್ಕದಾಗಿ ಕಂಡಿತು.

ಅತ್ತೆಯ ಕಡಲೆಯ ಮರುದಿನ ನನ್ನ ಮಾರ್ಗದರ್ಶಕ ಶಿಕ್ಷಕಿಗೆ ವಿಷಯ ಹೇಳಿದೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಸರ್ವಿಸ್ ಆದವರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. "96 ಬರೋದು ನನಗೆ ಗೊತ್ತು. ಅದಕ್ಕೇ ನಾನು ಆ ಪ್ರಯೋಗ ಮಾಡೋದೇ ಇಲ್ಲ. ಮಾಡಿದ್ರೆ ಯಾಕೆ ಅಂತ ಹೇಳ್ಬೇಕು, ಅದಕ್ಕೊಂದು ಪಿರಿಯಡ್ ಹೋಗುತ್ತೆ. ಮಳೆ ರಜೆ ಎಷ್ಟು ಹೋಗುತ್ತೆ ನೋಡಿದ್ಯಲ್ಲ?" ನೋಡಿದ್ದೆ. ಜಿಲ್ಲಾಧಿಕಾರಿ ರಜೆ ಕೊಟ್ಟ ದಿನಗಳನ್ನು ಆಮೇಲೆ ಶನಿವಾರ ಪೂರ್ತಿ ಮಾಡಿ ತುಂಬಿಸಬೇಕು. ಜನವರಿ ಬಂದರೆ ರೊಬಸ್ಟಾ ಕೊಯ್ಲು, ಲೈನ್ ಮನೆಯ ಮಕ್ಕಳಲ್ಲಿ ಹಲವರು ತೋಟದಲ್ಲಿರುತ್ತಾರೆ. ಎಸ್ಎಸ್ಎಲ್‌ಸಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆಯೂ ಆ ಹೊತ್ತಿಗೇ. ಮೇಡಂ ಹೇಳಿದ್ದರಲ್ಲಿ ಸೋಮಾರಿತನ ಇರಲಿಲ್ಲ. ದಿನ ಎಣಿಸಿ ಎಣಿಸಿ ಬಂದ ಜಾಣತನ ಅದು. ಆದರೂ "ಒಂದು ಪಿರಿಯಡ್ ತಗೋ" ಎಂದು ತಮ್ಮದೇ ಒಂದನ್ನು ಬಿಟ್ಟುಕೊಟ್ಟರು.

ಮತ್ತೆ ಬೀಕರು, ಸ್ಪಿರಿಟ್ ದೀಪ. ಈ ಸಲ ಮೊದಲೇ ನೀರು ಸ್ವಲ್ಪ ಕಾಯಿಸಿ ತಂದಿದ್ದೆ. ಹಿಂದಿನ ಬೆಂಚು ಖಾಲಿ. "ಮೊನ್ನೆ ಥರ್ಮಾಮೀಟರ್ ಹಳೇದು ಅಂದೆ. ಅದು ಸುಳ್ಳು. ನಂಗೆ ಗೊತ್ತಾಗ್ಲಿಲ್ಲ, ಅದಕ್ಕೆ ಹಾಗಂದೆ" ಎಂದೆ. ತರಗತಿ ಗಪ್‌ಚಿಪ್. ಮಿಸ್ ತಪ್ಪು ಒಪ್ಪಿಕೊಂಡರೆ ಏನು ಮಾಡಬೇಕು ಎಂದು ಅವರಿಗೂ ಯಾರೂ ಹೇಳಿಕೊಟ್ಟಿಲ್ಲ. ಹುಡುಗನನ್ನೇ ಮತ್ತೆ ಕರೆದೆ. ಅವನು ಬರಲು ಸ್ವಲ್ಪ ಹಿಂದೆಮುಂದೆ ನೋಡಿದ. ಬಂದು ಓದಿದ, "96." ಆಮೇಲೆ ನನ್ನ ಮುಖ ನೋಡಿದ. "ಅರ್ಧ ಕಮ್ಮಿ ಇರ್ಬಹುದು ಮಿಸ್."

ಆ ಅರ್ಧ ಡಿಗ್ರಿ ನನಗೆ ಎಷ್ಟು ಸಂತೋಷ ಕೊಟ್ಟಿತು ಎಂದು ಹೇಳಲಾರೆ.

ಯಾಕೆ ಎಂದು ಕೇಳಿದೆ. ಕಾದೆ. ಎರಡು ಸೆಕೆಂಡಿಗಿಂತ ಜಾಸ್ತಿಯೇ ಕಾದೆ. ಒಬ್ಬ ಚಳಿ ಅಂದ. ಒಬ್ಬಳು ನೀರು ಬೇರೆ ಅಂದಳು, ಇದು ಬಾವಿಯದ್ದು ಅಂತ. ಸ್ಪಿರಿಟ್ ಸಾಲದು ಅಂದರು. ಒಂದೊಂದನ್ನೂ ಬೋರ್ಡಿನ ಮೇಲೆ ಬರೆದೆವು. ಚಳಿ ಕಾರಣ ಆಗಿದ್ದರೆ ಕುದಿಯಲು ತಡವಾಗಬೇಕು, 96ರಲ್ಲೇ ಯಾಕೆ ನಿಲ್ಲಬೇಕು ಎಂದು ಅಸ್ಸಾಮಿನ ಹುಡುಗಿ ಕೇಳಿದಳು. ಅಲ್ಲಿಗೆ ಗಂಟೆ ಹೊಡೆಯಿತು. ಕಾರಣ ಮರುದಿನ ಹೇಳಿದೆ, ಅತ್ತೆಯ ಕಡಲೆಯನ್ನೂ ಸೇರಿಸಿ. ಮನೆಯಲ್ಲಿ ಕುಕ್ಕರ್ ಯಾಕೆ ಬೇಕು ಅನ್ನುವುದು ಅದರಿಂದಲೇ ಬಂತು. ಮುಚ್ಚಿ ಒತ್ತಡ ಹೆಚ್ಚಿಸಿದರೆ ನೀರು ಇನ್ನೂ ಬಿಸಿಯಾದ ಮೇಲೆ ಕುದಿಯುತ್ತದೆ. ನನ್ನ ಬ್ಯಾಚಿನ ಗೆಳತಿ ಮಂಗಳೂರಿನ ಶಾಲೆಯಲ್ಲಿ ಅದೇ ಪ್ರಯೋಗ ಮಾಡಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಳು. ಅದನ್ನೂ ತೋರಿಸಿದೆ. ಕೆಂಪು ಗೆರೆ 100ರಲ್ಲಿತ್ತು.

ಎಲ್ಲ ಮುಗಿದ ಮೇಲೆ ಮೊದಲ ಬೆಂಚಿನ ಒಬ್ಬಳು ಕೈ ಎತ್ತಿದಳು. "ಮಿಸ್, ಪರೀಕ್ಷೆಯಲ್ಲಿ ಯಾವ್ದು ಬರೀಬೇಕು?"

ನ್ಯಾಯವಾದ ಪ್ರಶ್ನೆ. ನಾನು "100" ಎಂದೆ. ಆಮೇಲೆ "ಸಮುದ್ರ ಮಟ್ಟದಲ್ಲಿ ಅಂತ ಸೇರಿಸಿ ಬರಿ" ಎಂದೆ. ಅವಳು ಎರಡನ್ನೂ ಬರೆದುಕೊಂಡು 100ರ ಕೆಳಗೆ ಗೆರೆ ಎಳೆದಳು.

ಆ ಪಾಠದ ಯೋಜನೆಯಲ್ಲಿ ವಿದ್ಯಾರ್ಥಿಗಳ ಚಟುವಟಿಕೆ ಕಾಲಂ ಖಾಲಿ ಬಿಟ್ಟಿದ್ದೆ. ಪಾಠ ಆದ ಮೇಲೆ ಅವರು ಹೇಳಿದ್ದನ್ನು ತುಂಬಿಸೋಣ ಅಂತ. ರೆಕಾರ್ಡು ಕಾಲೇಜಿಗೆ ಹೋಗಿ ವಾಪಸ್ ಬಂದಾಗ ಅದರ ಪಕ್ಕ ಕೆಂಪು ಶಾಯಿ: "ಅಪೂರ್ಣ. ಭರ್ತಿ ಮಾಡಿ." ಚಳಿ, ಬಾವಿ ನೀರು, ಸ್ಪಿರಿಟ್ ಸಾಲದು ಎಂದೆಲ್ಲ ಬರೆದರೆ ಮತ್ತೆ ವಾಪಸ್ ಬರುತ್ತದೆ ಎಂದು ಗೊತ್ತಿತ್ತು. ಸಲ್ಲಿಸಲು ಎರಡೇ ದಿನ ಉಳಿದಿತ್ತು. "ವಿದ್ಯಾರ್ಥಿಗಳು ಗಮನವಿಟ್ಟು ಆಲಿಸುವರು" ಎಂದು ತುಂಬಿಸಿ ಕೊಟ್ಟೆ.

ಬಿ.ಎಡ್. ಮುಗಿಯಿತು. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಬರೆದೆ, 150ಕ್ಕೆ 90 ಬೇಕು, ದಾಟಿದೆ. ಆದರೆ ಅದರ ಎರಡನೇ ಪತ್ರಿಕೆ 6ರಿಂದ 8ನೇ ತರಗತಿಗೆ ಮಾತ್ರ. ಪ್ರೌಢಶಾಲೆಯ ಹುದ್ದೆಗೆ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ, ಅದರ ದಾರಿ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಕುಶಾಲನಗರದ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಅನ್ನುವುದು ಒಳ್ಳೆಯ ಪದ. ಊಟಕ್ಕೆ ಕರೆಯುತ್ತಾರೆ, ಉಳಿಯಿರಿ ಅನ್ನುವುದಿಲ್ಲ.

ಕಟ್ಟನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಆ ಒಂದು ಪುಸ್ತಕ ಇಟ್ಟುಕೊಂಡು ಉಳಿದದ್ದನ್ನು ಅಮ್ಮನಿಗೆ ಕೊಟ್ಟೆ. ಅವತ್ತು ಹಂಡೆಯ ನೀರು ಚೆನ್ನಾಗಿ ಕಾದಿತ್ತು.

ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ಕೆಳಗಿದೆ. ಲೆಕ್ಕದ ಪ್ರಕಾರ ಅಲ್ಲಿ 97ರ ಹತ್ತಿರ ಬರಬೇಕು. ಒಂಬತ್ತನೇ ತರಗತಿಯವರಿಗೆ ಇನ್ನೂ ಹೇಳಿಲ್ಲ. ಪುಸ್ತಕ ಮುಚ್ಚಿ, ಕೊನೆಯ ಸಾಲು ಖಾಲಿ ಬಿಟ್ಟು ಬನ್ನಿ ಎಂದಷ್ಟೇ ಹೇಳಿದ್ದೇನೆ. ಬೀಕರು ಇದೆ, ದೀಪ ಇದೆ. ಶಾಲೆಯ ಥರ್ಮಾಮೀಟರ್ ಒಡೆದು ಹೋಗಿ ಬಹಳ ಕಾಲ ಆಯಿತಂತೆ. ಹೊಸದಕ್ಕೆ ಹೆಡ್‌ಮಾಸ್ಟರ್ ಬರೆದಿದ್ದಾರೆ. ಇನ್ನೂ ಬಂದಿಲ್ಲ.